ಪುಣೆಗೆ ಹೋಗೋರು ರಸ್ತೆ ಮೇಲೆ ಹೋಗಿ

ಬೆಂಗಳೂರು ಬಿಟ್ಟು ಪುಣೆಗೆ ಬಂದು ನಾಲ್ಕು ತಿಂಗಳಾಯ್ತು. ಈ ನಾಲ್ಕು ತಿಂಗಳಲ್ಲಿ ಫೋನ್ ಮಾಡಿದವರೆಲ್ಲ ಮೊದಲು ಕೇಳೋದು ಮನೆ ಹೇಗಿದೆ ಅಂತ, ಎರಡನೇದು ಊಟಕ್ಕೇನು ಅಂತ, ಮೂರನೇದು ಭಾಷೆಗೆ ಏನ್ಮಾಡ್ತೀಯ ಅಂತ. ಮೊದಲೆರಡಕ್ಕೆ ನನ್ನ ಉತ್ತರ ಕೇಳಿಸಿಕೊಳ್ತಾರೆ. ಮೂರನೇದಕ್ಕೆ ನಾನು ಬಾಯಿ ತೆಗೆಯೋದರೊಳಗೆ ಅವರೇ ಸಮಾಧಾನ ಹೇಳಿಬಿಡ್ತಾರೆ: "ಅಲ್ಲೇನು, ಹಿಂದಿ ನಡೆಯುತ್ತೆ ಬಿಡು."

ನಡೆಯುತ್ತೆ, ಸುಳ್ಳಲ್ಲ. ಆಫೀಸಲ್ಲಿ ನಡೆಯುತ್ತೆ, ಮಾಲ್‌ನಲ್ಲಿ ನಡೆಯುತ್ತೆ, ಆಟೋದಲ್ಲಿ ನಡೆಯುತ್ತೆ. ಆದರೆ ಹೀಗೆ ಸಮಾಧಾನ ಹೇಳ್ತಿರೋರು ಯಾರು ಅಂತ ಸ್ವಲ್ಪ ನೋಡಿ. ಬೆಂಗಳೂರಿಗೆ ಬಂದು ಹತ್ತು ವರ್ಷ ಆದ್ರೂ "ಕನ್ನಡ್ ಗೊತ್ತಿಲ್ಲ" ಅನ್ನೋರ ಮೇಲೆ ಉರಿದು ಬೀಳೋ ನಮ್ಮವರೇ! ನಾನೂ ಆ ಗುಂಪಿನವನೇ. ಒಂಬತ್ತು ವರ್ಷ ಬೆಂಗಳೂರಲ್ಲಿದ್ದು ಆ ಜಗಳ ಎಷ್ಟು ಸಲ ಆಡಿದ್ದೀನೋ ಲೆಕ್ಕ ಇಲ್ಲ. ಆ ಸಿಟ್ಟು ಸರಿಯಾದದ್ದೇ ಅಂತ ಈಗಲೂ ನಂಬಿದೀನಿ. ಅದಕ್ಕೇ ನನ್ನ ವಾದ ಇಷ್ಟು: ಬೆಂಗಳೂರಿಗೆ ಬಂದವರ ಹತ್ರ ನಾವು ಏನು ಕೇಳ್ತೀವೋ, ಬೇರೆ ಊರಿಗೆ ಹೋದ ನಾವು ಅದನ್ನ ಯಾರೂ ಕೇಳದೇನೇ ಮಾಡಬೇಕು. ಪುಣೆಗೆ ಬಂದವನು ಮರಾಠಿ ಕಲೀಬೇಕು.

ಇದನ್ನ ಬರೀ ನ್ಯಾಯ-ನೀತಿಯ ಮಾತಾಗಿ ಹೇಳಿದ್ರೆ ಉಪದೇಶ ಆಗುತ್ತೆ. ನನಗೆ ಇದು ಗಟ್ಟಿಯಾಗಿದ್ದು ಇಲ್ಲಿಗೆ ಬಂದ ದಾರಿಯಲ್ಲಿ. ಹಾಗಾಗಿ ಆ ದಾರಿಯ ವಿಷಯ ಹೇಳ್ತೀನಿ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ಕಂಪನಿಯವರು ವಿಮಾನದ ಟಿಕೆಟ್ ಕೊಡ್ತೀವಿ ಅಂದಿದ್ರು. ಒಂದೂವರೆ ಗಂಟೆ ಪ್ರಯಾಣ. ಸಾಮಾನು ಪ್ಯಾಕರ್ಸ್‌ನವರು ತರ್ತಾರೆ. ಆದರೆ ನನ್ನ ಮೂವರು ಗೆಳೆಯರು "ನಿನ್ನನ್ನ ನಾವೇ ಬಿಟ್ಟು ಬರ್ತೀವಿ" ಅಂತ ಹಟ ಹಿಡಿದ್ರು. ಮದುವೆಯಾಗಿ ಹೋಗೋ ಹೆಣ್ಣುಮಗಳನ್ನ ಬಿಡೋ ಹಾಗೆ :-) ಹೆಸರು ಹಾಕಿದ್ರೆ ಬೈತಾರೆ, ಊರಿನ ಹೆಸರಿಂದಲೇ ಕರೀತೀನಿ: ಮಂಡ್ಯದವನು, ಶಿರಸಿಯವನು, ಕಲಬುರಗಿಯವನು. ನಾನು ತಿಪಟೂರಿನವನು. ಜನವರಿಯ ಒಂದು ಶುಕ್ರವಾರ ಬೆಳಗಿನ ಜಾವ ಐದಕ್ಕೆ ಮಂಡ್ಯದವನ ಹಳೇ ಕಾರಿನಲ್ಲಿ ನಾಲ್ಕು ಜನ, ಒಂದು ಕುಕ್ಕರ್, ಒಂದು ದೋಸೆ ಕಾವಲಿ, ಮಿಕ್ಸಿ, ಹಾಸಿಗೆ ಸುರುಳಿ, ಅಮ್ಮ ಕೊಟ್ಟ ಕೊಬ್ಬರಿ ಮೂಟೆ ತುಂಬಿಕೊಂಡು ಹೊರಟ್ವಿ. ಹಿಂದಿನ ಗಾಜಿನಲ್ಲಿ ಏನೂ ಕಾಣ್ತಿರಲಿಲ್ಲ. ಸುಮಾರು 840 ಕಿಲೋಮೀಟರು.

ಈ ರಸ್ತೆ ಎಲ್ಲರಿಗೂ ಗೊತ್ತಿರೋದೇ. ಮೊದಲು ಎನ್‌ಎಚ್ 4 ಅಂತಿದ್ವಿ, ಈಗ ಎನ್‌ಎಚ್ 48. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ, ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ, ದಾವಣಗೆರೆಯಲ್ಲಿ ಬೆಣ್ಣೆ ದೋಸೆ. ಇದನ್ನೆಲ್ಲ ನಮಗಿಂತ ಚೆನ್ನಾಗಿ ಎಷ್ಟೋ ಜನ ಬರೆದಿದ್ದಾರೆ, ಬಿಟ್ಟುಬಿಡ್ತೀನಿ.

ನಾನು ಹೇಳಬೇಕಿರೋದು ಕಿವಿಗೆ ಬಿದ್ದದ್ದರ ಬಗ್ಗೆ. ಬೆಂಗಳೂರಿನಿಂದ ದಾವಣಗೆರೆ ತನಕ ಮಂಡ್ಯದವನೇ ರಾಜ. ಹೋಟೆಲ್ಲಿಗೆ ಹೋದ್ರೆ ಅವನೇ ಆರ್ಡರ್ ಮಾಡೋನು, ದಾರಿ ಕೇಳೋನೂ ಅವನೇ. ಹಾವೇರಿ ದಾಟಿದ ಮೇಲೆ ಅವನ ಮಾತು ಕಮ್ಮಿಯಾಯ್ತು. ಹುಬ್ಬಳ್ಳಿಯಲ್ಲಿ ಗಿರ್ಮಿಟ್ ತಿನ್ನೋಕೆ ನಿಂತಾಗ ಅಂಗಡಿಯವರು "ಖರೇ ಹೇಳ್ರಿ, ಖಾರ ಬರೋಬ್ಬರಿ ಐತಿ ಇಲ್ಲೋ?" ಅಂದ್ರು. ಮಂಡ್ಯದವನು ನನ್ನ ಕಿವಿಯಲ್ಲಿ "ಏನ್ಲಾ ಅದು ಬರೋಬ್ಬರಿ?" ಅಂದ. ಕಲಬುರಗಿಯವನಿಗೆ ಆಗ ಬಂತು ನೋಡಿ ಜೀವ. ಅಲ್ಲಿಂದ ಮುಂದೆ ಅವನ ರಾಜ್ಯಭಾರ. ಖರೇ, ಬರೋಬ್ಬರಿ, ಬಾಜೂ, ಪಗಾರ ಅಂತ ಅವನು ದಿನಾ ಆಡೋ ಮಾತುಗಳನ್ನ ಬೆಂಗಳೂರಲ್ಲಿ ನಾವು ಎಷ್ಟು ಆಡಿಕೊಂಡಿದ್ವೋ, ಅಷ್ಟಕ್ಕೂ ಬಡ್ಡಿ ಸಮೇತ ತೀರಿಸಿಕೊಂಡ.

ಅಂದ್ರೆ ಗಡಿ ಬರೋದಕ್ಕೆ ಇನ್ನೂ ನೂರಾರು ಕಿಲೋಮೀಟರು ಇರುವಾಗಲೇ ಮರಾಠಿ ನಮ್ಮ ಕನ್ನಡದೊಳಗೇ ಶುರುವಾಗಿತ್ತು. ಅದೂ ಕನ್ನಡ ಅಲ್ಲ ಅಂತ ಯಾರಾದ್ರೂ ಹೇಳೋಕಾಗುತ್ತಾ? ಧಾರವಾಡದ ಕನ್ನಡ ಕನ್ನಡ ಅಲ್ಲ ಅಂದ್ರೆ ಇನ್ಯಾವುದು!

ರಾತ್ರಿ ಬೆಳಗಾವಿಯ ಒಂದು ಲಾಡ್ಜಲ್ಲಿ ಉಳ್ಕೊಂಡು ಬೆಳಿಗ್ಗೆ ಮತ್ತೆ ಹೊರಟ್ವಿ. ಸಂಕೇಶ್ವರ, ನಿಪ್ಪಾಣಿ ಕಡೆಯೆಲ್ಲ ಕಬ್ಬು ಕಡಿಯೋ ಕಾಲ. ಒಂದಕ್ಕೆ ಎರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ದೊಡ್ಡದಾಗಿ ಹಾಡು ಹಾಕಿಕೊಂಡು ರಸ್ತೆ ತುಂಬ ಓಲಾಡ್ತಾ ಹೋಗ್ತಿದ್ವು. ಆ ಹಾಡುಗಳಲ್ಲಿ ಒಂದು ಕನ್ನಡ, ಮುಂದಿನದ್ದು ಮರಾಠಿ. ಕಬ್ಬು ಕಡಿಯೋಕೆ ಬೀಡ್ ಕಡೆಯಿಂದ ಹೆಂಡತಿ ಮಕ್ಕಳನ್ನ ಕಟ್ಟಿಕೊಂಡು ಬರೋರು ಹೊಲದ ಬದಿ ಗುಡಿಸಲು ಹಾಕಿದ್ರು. ಗುಡಿಸಲ ಮುಂದೆ ಪಾತ್ರೆ ಪಡಗ. ನನ್ನ ಕಾಲ ಕೆಳಗೆ ಕುಕ್ಕರ್ ಕೂತಿತ್ತು. ಊರು ಬಿಟ್ಟು ಹೋಗೋದು ಅಂದ್ರೆ ದೊಡ್ಡ ಸಾಹಸ ಅಂತ ಎರಡು ವಾರದಿಂದ ಗೆಳೆಯರ ಮುಂದೆ ಗೋಳು ಹೊಯ್ಕೊಳ್ತಿದ್ದ ನಾನು ಅಲ್ಲಿಂದ ಕಾಗಲ್ ತನಕ ಸುಮ್ಮನಿದ್ದೆ.

ಕೊಗನೊಳ್ಳಿ ಟೋಲ್ ದಾಟಿದ್ರೆ ಮಹಾರಾಷ್ಟ್ರ. ಅಲ್ಲಿ ಲಿಪಿ ಮಾತ್ರ ಕತ್ತರಿಸಿದ ಹಾಗೆ ಬದಲಾಗುತ್ತೆ. ಈ ಕಡೆ ಬೋರ್ಡಲ್ಲಿ ಕನ್ನಡ, ಆ ಕಡೆ ದೇವನಾಗರಿ. ಆದರೆ ಮಾತು ಹಾಗೆ ಕತ್ತರಿಸಿಲ್ಲ. ಕಾಗಲ್ ಹತ್ರ ಪೆಟ್ರೋಲ್ ಹಾಕಿಸುವಾಗ ನಮ್ಮ ಗಲಾಟೆ ಕೇಳಿ ಬಂಕಿನ ಹುಡುಗ "ಎಲ್ಲಿಗೆ ಹೊಂಟೀರಿ?" ಅಂದ. ಪುಣೆಗೆ ಅಂದ್ವಿ. ಕನ್ನಡದಲ್ಲೇ ನಾಲ್ಕು ಮಾತಾಡಿ, ಹೊರಡುವಾಗ "ಸಂಭಾಳೂನ್ ಜಾ" ಅಂದ. ಅವನ ಮನೆಮಾತು ಯಾವುದು ಅಂತ ನಮಗೆ ಗೊತ್ತಾಗಲಿಲ್ಲ. ಕೇಳಿದ್ರೆ ಅವನಿಗೇ ನಗು ಬರ್ತಿತ್ತೇನೋ.

ನದಿಗಳನ್ನ ಎಣಿಸಿದ್ದು ಶಿರಸಿಯವನು. ಅವನು ಮಾತು ಕಮ್ಮಿ, ಲೆಕ್ಕ ಜಾಸ್ತಿ. ಹಿರಿಯೂರಲ್ಲಿ ವೇದಾವತಿ, ಹರಿಹರದಲ್ಲಿ ತುಂಗಭದ್ರೆ, ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆ, ಆಮೇಲೆ ಘಟಪ್ರಭೆ, ಹಿರಣ್ಯಕೇಶಿ, ವೇದಗಂಗೆ, ದೂಧಗಂಗೆ, ಕೊಲ್ಹಾಪುರದಲ್ಲಿ ಪಂಚಗಂಗೆ, ಮುಂದೆ ವಾರಣಾ, ಆಮೇಲೆ ಕೃಷ್ಣೆಯೇ ಎದುರಾದಳು. ಶಿರವಳದಲ್ಲಿ ನೀರಾ. ಪುಣೆಗೆ ಬಂದ್ರೆ ಮುಠಾ. "ಲೆಕ್ಕ ಹಾಕಿ ನೋಡು, ಹಿರಿಯೂರಿನಿಂದ ಇಲ್ಲಿ ತನಕ ದಾಟಿದ್ದೆಲ್ಲ ಕೊನೆಗೆ ಕೃಷ್ಣೆಗೇ ಹೋಗೋದು" ಅಂದ. ನಿಜ. ಮಹಾಬಳೇಶ್ವರದಲ್ಲಿ ಹುಟ್ಟೋ ಕೃಷ್ಣೆ ನಮ್ಮ ಆಲಮಟ್ಟಿಗೆ ಬರ್ತಾಳೆ. ಪುಣೆಯ ಮುಳಾ-ಮುಠಾ ಭೀಮೆಗೆ ಸೇರುತ್ತೆ, ಭೀಮೆ ಕಲಬುರಗಿ ಜಿಲ್ಲೆ ಹಾದು ಹೋಗಿ ರಾಯಚೂರಿನ ಹತ್ರ ಕೃಷ್ಣೆಗೆ ಸೇರ್ತಾಳೆ. ಕಲಬುರಗಿಯವನು ಮುಠಾ ನದಿಯ ಕಪ್ಪು ನೀರು ನೋಡಿ "ಇಲ್ಲಿ ನೀ ಏನ್ ಚೆಲ್ಲಿದ್ರೂ ನಮ್ಮೂರಿಗೇ ಬರ್ತದ, ನೆನಪಿಟ್ಕೋ" ಅಂತ ಎಚ್ಚರಿಕೆ ಕೊಟ್ಟ.

ವಿಮಾನದಲ್ಲಿ ಬಂದಿದ್ರೆ ಇದ್ಯಾವುದೂ ಗೊತ್ತಾಗ್ತಿರಲಿಲ್ಲ ಅನ್ನೋದೇ ನನ್ನ ಮಾತು. ಬೆಂಗಳೂರಲ್ಲಿ ಬಾಗಿಲು ಮುಚ್ಚಿ ಪುಣೆಯಲ್ಲಿ ತೆಗೆದಿದ್ರೆ ಇದು ಯಾವುದೋ ಪರದೇಶ, ನಾನು ಇಲ್ಲಿ ಹೊರಗಿನವನು, ಯಾವುದೋ ಮೂರನೇ ಭಾಷೆಯಲ್ಲಿ ಕೆಲಸ ಸಾಗಿಸೋಣ ಅಂತ ಯಾರಿಗಾದ್ರೂ ಅನ್ನಿಸೋದು ಸಹಜ. ಇಲ್ಲಿ ನನ್ನ ಆಫೀಸಿನ ಕನ್ನಡಿಗರಲ್ಲಿ ಬಹಳಷ್ಟು ಜನ ಹಾಗೇ ಇದ್ದಾರೆ. ಹಿಂಜವಡಿಯಲ್ಲಿ ಕೆಲಸ, ಪಕ್ಕದಲ್ಲೇ ಫ್ಲ್ಯಾಟು, ಶುಕ್ರವಾರ ರಾತ್ರಿ ಬೆಂಗಳೂರಿನ ಬಸ್ಸು. ಒಬ್ಬರು ಇಲ್ಲಿ ಎಂಟು ವರ್ಷದಿಂದ ಇದ್ದಾರೆ. ನಾನು ಮರಾಠಿಯಲ್ಲಿ ತೊದಲೋದು ಕೇಳಿ, "ಯಾಕ್ರೀ ಕಷ್ಟ ಪಡ್ತೀರಾ, ನೀವೇನು ಇಲ್ಲೇ ಇರ್ತೀರಾ?" ಅಂದ್ರು. ಎಂಟು ವರ್ಷ!! ಈ ಮಾತನ್ನ ಬೆಂಗಳೂರಲ್ಲಿ ಎಷ್ಟು ಜನರ ಬಾಯಲ್ಲಿ ಕೇಳಿದ್ದೀವಿ ನಾವು?

ಇನ್ನೊಂದು ವಿಷಯ. ಹಿಂದಿ ಬಗ್ಗೆ ನಮಗಿರೋ ತಕರಾರು ಇವರಿಗೂ ಇದೆ. 2025ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಒಂದನೇ ಕ್ಲಾಸಿನಿಂದಲೇ ಹಿಂದಿಯನ್ನ ಮೂರನೇ ಭಾಷೆ ಮಾಡೋಕೆ ಹೊರಟಿತ್ತು. ರಾಜ್ಯದ ತುಂಬ ವಿರೋಧ ಎದ್ದು ಜೂನ್ ಕೊನೆಯಲ್ಲಿ ಆ ಆದೇಶ ವಾಪಸ್ ತಗೊಂಡ್ರು. ಅಂಥ ಊರಿಗೆ ಕನ್ನಡದವನು ಬಂದು "ಹಿಂದಿಯಲ್ಲಿ ಮಾತಾಡಿ" ಅಂತ ತರಕಾರಿಯವರಿಗೆ ಹೇಳಿದ್ರೆ, ಅವನು ಯಾರ ಪರವಾಗಿ ಕೆಲಸ ಮಾಡ್ತಿದ್ದಾನೆ ಅಂತ ಯೋಚನೆ ಮಾಡಿ.

ಇನ್ನು ಭಾಷೆಯ ವಿಷಯಕ್ಕೆ ಬಂದ್ರೆ, ಕನ್ನಡದವನಿಗೆ ಮರಾಠಿ ಕಷ್ಟ ಅನ್ನೋದೇ ಸುಳ್ಳು. ಲಿಂಗದ ವಿಷಯದಲ್ಲಿ ಒದ್ದಾಟ ಇದೆ, ಒಪ್ಕೋತೀನಿ. ಮೂರು ಲಿಂಗ, ಕುರ್ಚಿ ಹೆಣ್ಣು, ಮನೆ ನಪುಂಸಕ, ಬಾಗಿಲು ಗಂಡು... ಯಾಕೆ ಅಂತ ಕೇಳಬಾರದು. ಆದರೆ ವಾಕ್ಯ ಕಟ್ಟೋ ರೀತಿ ನಮ್ಮದೇ. ನಮ್ಮ ಮನೆಯ ಯಜಮಾನಿ ದಿನಾ ಮೆಟ್ಟಿಲ ಮೇಲೆ ಸಿಕ್ಕಾಗ "ಜೇವಣ ಝಾಲಂ ಕಾ?" ಅಂತಾರೆ. ಮಾತಿಗೆ ಮಾತು ಇಟ್ಟು ನೋಡಿ: ಜೇವಣ - ಊಟ, ಝಾಲಂ - ಆಯ್ತು. ಊಟ ಆಯ್ತಾ? "ಬರ್ತೀನಿ ಅಂತ ಹೇಳಿದ" ಅನ್ನೋದರಲ್ಲಿ ನಮ್ಮ "ಅಂತ" ಇದೆಯಲ್ಲ, ಅದೇ ಜಾಗದಲ್ಲಿ ಅವರ "ಮ್ಹಣೂನ್" ಬಂದು ಕೂರುತ್ತೆ. ಇಂಗ್ಲಿಷಿನವರಿಗೆ ನಾಲಿಗೆ ಹೊರಳದ "ಳ" ಇಲ್ಲಿ ಬೇಕಾದಷ್ಟಿದೆ. ತುಪ್ಪಕ್ಕೆ ತೂಪ್, ಕೊತ್ತಂಬರಿಗೆ ಕೋಥಿಂಬೀರ್, ಶೇಂಗಾ ಶೇಂಗಾನೇ. ಅಡಕೆ ಕತ್ತರಿಯನ್ನ ಇವರು ಅಡಕಿತ್ತಾ ಅಂತಾರೆ! ತಿಪಟೂರಿನ ನಮ್ಮಜ್ಜಿ ಕೇಳಿದ್ರೆ, ಇದು ನಮ್ಮದೇ ಅಂತ ತಕ್ಷಣ ಹೇಳ್ತಿದ್ರು. ಯಜಮಾನಿಯನ್ನ ನಾನು "ಕಾಕು" ಅಂತೀನಿ, ಇಲ್ಲಿ ಎಲ್ಲರೂ ಕರೆಯೋ ಹಾಗೆ. ಫೋನಲ್ಲಿ ಕಲಬುರಗಿಯವನಿಗೆ ಇದನ್ನ ಹೊಸ ವಿಷಯ ಅಂತ ಹೇಳಿದ್ರೆ, "ನಾವು ಹುಟ್ಟಿದಾಗಿಂದ ಕಾಕಾ-ಕಾಕು ಅಂತೇವಲ್ಲೋ" ಅಂದ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮರಾಠಿಯ ಎರಡು "ನಾವು". ನಮ್ಮಲ್ಲಿ ಒಂದೇ. ಇವರಲ್ಲಿ "ಆಮ್ಹಿ" ಅಂದ್ರೆ ಕೇಳ್ತಿರೋ ನಿನ್ನನ್ನ ಬಿಟ್ಟು ನಾವು. "ಆಪಣ" ಅಂದ್ರೆ ನೀನೂ ಸೇರಿ ನಾವೆಲ್ಲ. ಹೊಸದಾಗಿ ಬಂದವನಿಗೆ ಇದು ಥರ್ಮಾಮೀಟರ್ ಇದ್ದ ಹಾಗೆ. ಮೊದಲ ತಿಂಗಳು ಕಾಕು ಸಂಕ್ರಾಂತಿ ಬಗ್ಗೆ ಹೇಳುವಾಗ ಆಮ್ಹಿ ಹೀಗೆ ಮಾಡ್ತೀವಿ, ಆಮ್ಹಿ ಹಾಗೆ ಮಾಡ್ತೀವಿ ಅಂತಿದ್ರು. ಎಳ್ಳು ಬೆಲ್ಲ ಕೊಟ್ಟು ಒಳ್ಳೇ ಮಾತಾಡು ಅನ್ನೋದು ನಮ್ಮಲ್ಲೂ ಇದೆ ಅಂತ ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಯುಗಾದಿ ಹೊತ್ತಿಗೆ, ಅಂದ್ರೆ ಇವರ ಗುಡಿಪಾಡವಾ ಹೊತ್ತಿಗೆ, ಬೇವು ಬೆಲ್ಲದ ಮಾತು ಬಂದಾಗ ಅವರ ಬಾಯಲ್ಲಿ "ಆಪಣ" ಬಂತು. ಅವರು ಅದನ್ನ ಗಮನಿಸಿರಲಿಕ್ಕಿಲ್ಲ. ಹಿಂದಿಯಲ್ಲಿ ಮಾತಾಡಿಕೊಂಡಿದ್ರೆ ಎರಡಕ್ಕೂ "ಹಮ್" ಅಂತಿದ್ರು, ನಾನು ಯಾವುದರಲ್ಲಿದ್ದೀನಿ ಅಂತ ಎಂಟು ವರ್ಷ ಆದ್ರೂ ಗೊತ್ತಾಗ್ತಿರಲಿಲ್ಲ.

ಎಲ್ಲರಿಗೂ ಈ ವಾದ ಒಪ್ಪಿಗೆ ಆಗಿಲ್ಲ. ನನ್ನ ಚಿಕ್ಕಪ್ಪನಿಗಂತೂ ಸಿಟ್ಟೇ ಬಂತು. "ಬೆಳಗಾವಿ ಕೊಡಿ ಅನ್ನೋರ ಭಾಷೆ ಕಲೀತಿದ್ದೀಯಾ?" ಅಂದ್ರು. ಚಿಕ್ಕಪ್ಪನ ಸಿಟ್ಟನ್ನ ನಾನು ತಳ್ಳಿಹಾಕೋಲ್ಲ. ಬೆಳಗಾವಿ ಕರ್ನಾಟಕದ್ದು, ಮಹಾಜನ ಆಯೋಗ 1967ರಲ್ಲೇ ವರದಿ ಕೊಟ್ಟಿದೆ, ಆಮೇಲೂ 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯ್ತು. ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಕೇಸಲ್ಲಿ ನಮ್ಮ ಕಾಕು ಕಕ್ಷಿದಾರರಲ್ಲ, ಕೊತ್ತಂಬರಿ ಮಾರೋ ಹುಡುಗನೂ ಅಲ್ಲ. 2025ರ ಫೆಬ್ರವರಿಯಲ್ಲಿ ಬೆಳಗಾವಿ ಹತ್ರ ನಮ್ಮ ಬಸ್ಸಿನ ಕಂಡಕ್ಟರ್‌ಗೆ ಮರಾಠಿ ಮಾತಾಡಲಿಲ್ಲ ಅಂತ ಹೊಡೆದ್ರು. ಅದಾದ ಮೇಲೆ ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ಸಿನ ಡ್ರೈವರ್‌ಗೆ ಮಸಿ ಬಳಿದ್ರು. ಎರಡೂ ಕಡೆ ಬಸ್ಸು ನಿಂತ್ವು. ಭಾಷೆ ಕಲಿತವನೊಬ್ಬ ಮಧ್ಯೆ ಇದ್ದಿದ್ರೆ ಅದು ನಡೀತಿರಲಿಲ್ಲ ಅಂತ ಹೇಳೋಷ್ಟು ಮುಗ್ಧ ನಾನಲ್ಲ. ಹೊಡೆಯೋನಿಗೆ ಭಾಷೆ ಬರೀ ನೆಪ. ಆದರೆ ಕರ್ನಾಟಕದಲ್ಲಿ ಕಂಡಕ್ಟರ್ ಕನ್ನಡ ಮಾತಾಡೋದು ಅವನ ಹಕ್ಕು ಅಂತ ನಾನು ಜೋರಾಗಿ ಹೇಳಬೇಕಾದ್ರೆ, ಪುಣೆಯ ಕಂಡಕ್ಟರ್ ಹತ್ರ ಸ್ವಾರಗೇಟ್‌ಗೆ ಟಿಕೆಟ್ ಕೇಳುವಾಗ ನನ್ನ ಬಾಯಲ್ಲಿ ಮರಾಠಿ ಇರಬೇಕು. ಇಲ್ಲದಿದ್ರೆ ನನ್ನದು ಬರೀ ಗಂಟಲು.

ಅಷ್ಟಕ್ಕೂ ನಮ್ಮವರಿಗೆ ಈ ಊರು ಹೊಸದೇನಲ್ಲ. ಧಾರವಾಡದಿಂದ ಓದೋಕೆ ಪುಣೆಗೆ ಬರ್ತಿದ್ದ ಕಾಲ ಇತ್ತು. ಬೇಂದ್ರೆ 1918ರಲ್ಲಿ ಬಿ.ಎ. ಮುಗಿಸಿದ್ದು ಇಲ್ಲಿನ ಫರ್ಗ್ಯುಸನ್ ಕಾಲೇಜಲ್ಲಿ. ಅವರ ಮನೆಮಾತು ಮರಾಠಿ ಅನ್ನೋದು ನಿಮಗೆಲ್ಲ ಗೊತ್ತು. ಆ ಕಾಲೇಜಿನ ರಸ್ತೆಯಲ್ಲೇ ಕರಾವಳಿಯಿಂದ ಬಂದ ಜಗನ್ನಾಥ ಶೆಟ್ಟರು ಕಟ್ಟಿದ ವೈಶಾಲಿ ಹೋಟೆಲ್ ಇದೆ, ಪುಣೆಯವರು ಅದನ್ನ ತಮ್ಮ ಊರಿನ ಗುರುತು ಅಂತಲೇ ಹೇಳ್ಕೋತಾರೆ. ಭೀಮಸೇನ ಜೋಶಿ ಗದಗದ ಕಡೆಯ ಹುಡುಗ, ಗುರುವನ್ನ ಹುಡುಕಿಕೊಂಡು ಚಿಕ್ಕ ವಯಸ್ಸಿನಲ್ಲೇ ಮನೆ ಬಿಟ್ಟು ರೈಲು ಹತ್ತಿದವರು. ಕೊನೆಗೆ ನೆಲೆ ನಿಂತದ್ದು ಪುಣೆಯಲ್ಲಿ. ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಅವರು ಶುರು ಮಾಡಿದ ಸಂಗೀತೋತ್ಸವ ಈ ಊರಿನ ದೊಡ್ಡ ಹಬ್ಬಗಳಲ್ಲೊಂದಾಯ್ತು. ದಾಸರ ಪದ ಕನ್ನಡದಲ್ಲಿ, ಅಭಂಗ ಮರಾಠಿಯಲ್ಲಿ ಹಾಡಿದ್ರು. ಅವರನ್ನ ಕನ್ನಡಿಗ ಅಲ್ಲ ಅಂತ ಯಾರೂ ಅನ್ನಲಿಲ್ಲ, ಇವರು ನಮ್ಮವರಲ್ಲ ಅಂತ ಪುಣೆಯವರೂ ಅನ್ನಲಿಲ್ಲ. ಪುಣೆಯ ಕನ್ನಡ ಸಂಘ ಕಾವೇರಿ ಅನ್ನೋ ಹೆಸರಲ್ಲಿ ಶಾಲೆ ಕಾಲೇಜು ನಡೆಸುತ್ತೆ. ಮರಾಠಿ ಕಲಿತ್ರೆ ಕನ್ನಡ ಕಳೆದುಹೋಗುತ್ತೆ ಅನ್ನೋರು ಒಮ್ಮೆ ಆ ಕಡೆ ಹೋಗಿ ಬರಲಿ.

ಗೆಳೆಯರ ಮಾತು ಅರ್ಧಕ್ಕೇ ಬಿಟ್ಟೆ. ಶನಿವಾರ ಸಂಜೆ ಖಂಬಾಟಕಿಯ ಸುರಂಗ ದಾಟಿ, ಕಾತ್ರಜ್ ದಾಟಿ ಮನೆ ತಲುಪಿದ್ವಿ. ಸಾಮಾನು ಮೇಲಕ್ಕೆ ಹೊತ್ತು, ಹಾಲು ಉಕ್ಕಿಸಿ, ನೆಲದ ಮೇಲೆ ಸಾಲಾಗಿ ಮಲಗಿದ್ವಿ. ಅಲ್ಲಿ ತನಕ ಅದು ಟ್ರಿಪ್ಪೇ. ಮೊಬೈಲ್ ತುಂಬ ಫೋಟೋ. ಶಿಫ್ಟ್ ಆಗ್ತಿದ್ದೀನಿ ಅನ್ನೋದೇ ಮರೆತಿತ್ತು. ಭಾನುವಾರ ಮಧ್ಯಾಹ್ನ ಅವರು ವಾಪಸ್ ಹೊರಟಾಗ ಕಾರು ಖಾಲಿ ಖಾಲಿ ಕಾಣ್ತು, ಹಿಂದಿನ ಗಾಜಿನಲ್ಲಿ ಈಗ ಎಲ್ಲ ಕಾಣ್ತಿತ್ತು. ಮಂಡ್ಯದವನು "ಬತ್ತೀನಿ ಕಣ್ಲಾ" ಅಂತ ಅಷ್ಟೇ ಹೇಳಿದ. ಹೋಗ್ತಿರೋನು ಬರ್ತೀನಿ ಅನ್ನೋದು ನಮ್ಮಲ್ಲಿ ರೂಢಿ. ಮೇಲಿನ ಬಾಲ್ಕನಿಯಿಂದ ಕಾಕು ನೋಡ್ತಿದ್ರು, ಅವರಿಗೂ ಕೈ ಬೀಸಿದ. ಇಲ್ಲೂ ಹೊರಡುವಾಗ "ಯೇತೋ" ಅಂತಾರೆ, ಬರ್ತೀನಿ ಅಂತಲೇ ಅರ್ಥ, ಅನ್ನೋದು ನನಗೆ ಗೊತ್ತಾಗಿದ್ದು ಒಂದು ವಾರದ ಮೇಲೆ.

ಅವರು ಹೋದ ಸಂಜೆ ಬಹಳ ಕೆಟ್ಟದಾಗಿತ್ತು, ಅದನ್ನ ಬರೆಯೋಲ್ಲ. ಮನೆ ಬಿಟ್ಟು ಹೊರಗಿರೋ ನಿಮಗೆಲ್ಲ ಗೊತ್ತಿರುತ್ತೆ. ಆದರೆ ಏಳು ಗಂಟೆಗೆ ಹಸಿವಾಯ್ತು. ಕೆಳಗಿಳಿದು ಹೋಗಿ, ಹುಬ್ಬಳ್ಳಿಯ ಅಂಗಡಿಯವರ "ಬರೋಬ್ಬರಿ"ಯನ್ನೇ ನೆಚ್ಚಿಕೊಂಡು, ಗಾಡಿಯವನ ಹತ್ರ ಭೇಳ್ ಕೇಳಿ, "ತಿಖಟ್ ಬರೋಬರ್" ಅಂದೆ. ವ್ಯಾಕರಣ ದೇವರಿಗೇ ಪ್ರೀತಿ. ಅವನು ಒಂದು ಕ್ಷಣ ನನ್ನ ಮುಖ ನೋಡಿ, ಇನ್ನೊಂದು ಚಮಚ ಖಾರ ಹಾಕಿದ. ಕಣ್ಣಲ್ಲಿ ನೀರು ಬಂತು, ಖಾರಕ್ಕೇ ಅಂತ ಇಟ್ಕೊಳ್ಳಿ.

ಈಗಿನ ಸುದ್ದಿ ಏನಂದ್ರೆ, ಶಿರಸಿಯವನಿಗೆ ಚೆನ್ನೈಗೆ ವರ್ಗ ಆಗಿದೆ. ಮುಂದಿನ ತಿಂಗಳು ಹೋಗಬೇಕಂತೆ, ವಿಮಾನದ ಟಿಕೆಟ್ ಆಗಲೇ ಮಾಡಿಸಿದ್ದಾನಂತೆ. "ಅಲ್ಲಿ ಇಂಗ್ಲಿಷ್ ನಡೆಯುತ್ತೆ ಬಿಡು" ಅಂತ ಬೇರೆ ಹೇಳಿದ! ಮಂಡ್ಯದವನಿಗೆ ಫೋನ್ ಮಾಡಿ ಕಾರು ಸರ್ವೀಸಿಗೆ ಬಿಡು ಅಂದಿದ್ದೀನಿ. ಕೋಲಾರದ ಕಡೆಯಿಂದ ಹೋಗೋದೋ, ಹೊಸೂರು-ಕೃಷ್ಣಗಿರಿ ಮೇಲೆ ಹೋಗೋದೋ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಕೋಲಾರದ ಕಡೆ ಹೋದ್ರೆ ದಾರಿಯಲ್ಲಿ ತೆಲುಗೂ ಸಿಗುತ್ತೆ ಅಂತ ಕಲಬುರಗಿಯವನು ಹೇಳ್ತಿದ್ದಾನೆ. ನಿಮ್ಮಲ್ಲಿ ಯಾರಾದ್ರೂ ಆ ದಾರಿಯಲ್ಲಿ ಹೋದವರಿದ್ರೆ ಎಲ್ಲಿ ನಿಲ್ಲಬೇಕು, ಏನು ತಿನ್ನಬೇಕು ಅಂತ ತಿಳಿಸಿ.